ಸುಳಿ ಹೇಳಿ ಕೊಟ್ಟ ಆಂಪ್ಲಿಫೈಯರು

ನಮ್ಮ ಕಡೆ ಮೂರು ಪಿನ್ನಿನ ಪ್ಲಗ್ಗಿಗೆ ಮೂರೂ ಪಿನ್ನು ಇರುವುದು ಅದು ಅಂಗಡಿಯಲ್ಲಿ ಇರುವವರೆಗೆ ಮಾತ್ರ. ಮನೆಗೆ ಬಂದ ಮೇಲೆ ಆ ಮೇಲಿನ ದಪ್ಪ ಪಿನ್ನು ಬಾಳುವುದಿಲ್ಲ. ಗೋಡೆಯ ಬೋರ್ಡಿನಲ್ಲಿ ತೂತು ಎರಡೇ, ಪ್ಲಗ್ಗಿನವನು ಕೊಟ್ಟ ಪಿನ್ನು ಮೂರು. ಇಬ್ಬರಲ್ಲಿ ಒಬ್ಬರದು ತಪ್ಪಿರಲೇಬೇಕು ಎಂದು ಮನೆಯ ಹಿರಿಯರು ವಿಚಾರಣೆಗೆ ಕೂರುತ್ತಾರೆ. ಗೋಡೆ ಒಡೆಯುವುದಕ್ಕಿಂತ ಪಿನ್ನು ಕೊಯ್ಯುವುದು ಸುಲಭವಾದ್ದರಿಂದ ತಪ್ಪು ಪ್ಲಗ್ಗಿನದೆಂದು ತೀರ್ಪಾಗುತ್ತದೆ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಯಾರ ಮನೆಗಾದರೂ ಹೋಗಿ ನೋಡಿ. ಇಸ್ತ್ರಿ ಪೆಟ್ಟಿಗೆ, ಟೇಬಲ್ ಫ್ಯಾನು, ಮಿಕ್ಸಿ, ಎಲ್ಲದರ ಪ್ಲಗ್ಗೂ ಮೂಗು ಕೊಯ್ಸಿಕೊಂಡು ಕೂತಿರುತ್ತದೆ. ನೆಂಟರ ಮನೆಯಲ್ಲಿ ಎಲ್ಲರೂ ತೊಟ್ಟಿಲು ಬಗ್ಗಿ ನೋಡುತ್ತಿದ್ದರೆ ನಾನು ತೊಟ್ಟಿಲ ಹಿಂದಿನ ಫ್ಯಾನಿನ ಪ್ಲಗ್ಗು ನೋಡುತ್ತಿರುತ್ತೇನೆ. ಈ ಚಟ ಹತ್ತಿದ್ದು ಒಂದು ಹಳೆಯ ಆಂಪ್ಲಿಫೈಯರು ಕೊಂಡ ಮೇಲೆ.

ಅದಕ್ಕೆ ಮೊದಲು ನನಗಿದ್ದ ಚಟ ವಾದದ್ದು. ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ ಎನ್ನುವುದು ಹಾಜರಿ ಪುಸ್ತಕದ ಮಾತು. ನಿಜಕ್ಕೂ ನಾನು ಓದುತ್ತಿದ್ದದ್ದು ಚರ್ಚಾಸ್ಪರ್ಧೆಯನ್ನು. ವಿಜ್ಞಾನ ವರವೆಂದು ಬೆಳಿಗ್ಗೆ ಒಂದು ವೇದಿಕೆಯಲ್ಲಿ ಸಾಧಿಸಿ, ಅದೇ ವಿಜ್ಞಾನ ಶಾಪವೆಂದು ಸಂಜೆ ಇನ್ನೊಂದು ವೇದಿಕೆಯಲ್ಲಿ ಸಾಧಿಸಿ, ಎರಡೂ ಕಡೆಯಿಂದ ಫಲಕ ಹೊತ್ತು ಬಸ್ಸು ಹತ್ತಿದವನು ನಾನು. ನಮ್ಮ ತರ್ಕಶಾಸ್ತ್ರದವರು ಮಾತಿನಲ್ಲಿ ಮೂರು ಬಗೆ ಹೇಳುತ್ತಾರೆ. ನಿಜ ತಿಳಿಯಲಿಕ್ಕೆ ಆಡುವುದು ವಾದ. ಗೆಲ್ಲಲಿಕ್ಕೆ ಆಡುವುದು ಜಲ್ಪ. ತನ್ನದೇನನ್ನೂ ಇಡದೆ ಎದುರಿನವನದನ್ನು ಒಡೆಯಲಿಕ್ಕಷ್ಟೇ ಆಡುವುದು ವಿತಂಡ. ಮೊದಲನೆಯದಕ್ಕೆ ಯಾರಾದರೂ ಫಲಕ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಇದರ ಜೊತೆಗೆ ಗಿಟಾರನ್ನೂ ನುಡಿಸುತ್ತಿದ್ದೆ. ಹೀಗೆಂಬುದು ನನ್ನ ಪಕ್ಷ. ಪ್ರತಿಪಕ್ಷವೂ ಊರಲ್ಲಿ ಬಲವಾಗಿಯೇ ಇತ್ತು. ಸಿಂಧನೂರಿನ ಗೆಳೆಯ ವೀರೇಶ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ಜವಳಗೇರಾ ಸುತ್ತಿನ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮದುವೆಯೆಂದರೆ ಆರ್ಕೆಸ್ಟ್ರಾ ಇರಲೇಬೇಕಾಗಿತ್ತು. ವೀರೇಶ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು ಎಂದು ಹಾಡುತ್ತಿದ್ದ. ನಾನು ಹಿಂದೆ ನಿಂತು ತಂತಿ ಮೀಟುತ್ತಿದ್ದೆ. ಆದರೆ ನನ್ನ ಗಿಟಾರನ್ನು ಸಿಕ್ಕಿಸುತ್ತಿದ್ದದ್ದು ಮೈಕ್ ಸೆಟ್ಟಿನವನ ಡಬ್ಬಿಗೆ. ಅಲ್ಲಿಂದ ಅದು ಕಹಳೆಯಂಥ ಹಾರ್ನಿಗೆ ಹೋಗಿ, ಸಂತೆಯಲ್ಲಿ ಇಲಿ ಪಾಷಾಣ ಮಾರುವವನ ದನಿಯಲ್ಲಿ ಹೊರಗೆ ಬರುತ್ತಿತ್ತು. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರು ಬೇಕಿತ್ತು. ಹೊಸದು ಹೈದರಾಬಾದಿನಲ್ಲಿತ್ತು, ಅಂದರೆ ನಮ್ಮ ಪಾಲಿಗೆ ಇರಲಿಲ್ಲ.

"ಮಸ್ಕಿಯೊಳಗ ಒಂದು ಐತಿ. ಹಳೇದು. ವಾಲ್ವಿಂದಲ್ಲ, ಟ್ರಾನ್ಸಿಸ್ಟರಿಂದು. ಆದ್ರ ಅದು ಬ್ಯಾಡ," ಎಂದ ವೀರೇಶ.

"ಯಾಕಲೇ?"

"ಮನಿಶಾನ್ನ ತಿಂದೈತಿ."

"ಟ್ರಾನ್ಸಿಸ್ಟರು ಮನಿಶಾನ್ನ ತಿನ್ನಾಂಗಿಲ್ಲಲೇ. ಕರೆಂಟ್ ತಿಂತೈತಿ, ಬಿಸಿ ಆಕ್ಕೈತಿ, ಮುಗೀತು."

"ಶುರುವಾತು ನೋಡು ಇವಂದು," ಎಂದು ಅವನು ಕೈಮುಗಿದ. ಮರುದಿನ ಇಬ್ಬರೂ ಮಸ್ಕಿಯ ಬಸ್ಸಿನಲ್ಲಿದ್ದೆವು.

ಆ ಮನೆ ಅಮರಪ್ಪ ಸಾವುಕಾರರದು. ಬೀಜ, ಕಾಳು ವ್ಯಾಪಾರದವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರೆಳೆ ವಿಭೂತಿ, ಮಾತು ಕಡಿಮೆ. ಹೆಂಡತಿ ಗೌರಮ್ಮನವರ ಮಾತು ಇನ್ನೂ ಕಡಿಮೆ. ಇವರ ಒಬ್ಬನೇ ಮಗ ಶಿವು ಲಿಂಗಸುಗೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದವನು. ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ಸ್ನಾನ ಮುಗಿಸಿ ಬಂದು, ಪಡಸಾಲೆಯ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಕೂತು ನುಡಿಸುತ್ತಿದ್ದ. ತಾಯಿ ಒಳಗಿನಿಂದ ಬಂದು ನೋಡುವಷ್ಟರಲ್ಲಿ ಗಿಟಾರು ತೊಡೆಯ ಮೇಲಿತ್ತು, ಅವನು ಇರಲಿಲ್ಲ. ಡಾಕ್ಟರು ಎದೆ ನಿಂತಿದೆ ಎಂದರು. ಎದೆ ಯಾಕೆ ನಿಂತಿತೆಂಬುದನ್ನು ಊರು ಹೇಳಿತು: ಆರ್ಕೆಸ್ಟ್ರಾದವ, ಊರೂರು ತಿರುಗುವವ, ಕುಡಿದು ಕುಡಿದು ಸತ್ತ.

ಆಂಪ್ಲಿಫೈಯರು ಪಡಸಾಲೆಯ ಮೂಲೆಯಲ್ಲಿ ಬಿಳಿ ವಸ್ತ್ರದ ಕೆಳಗಿತ್ತು. ವಸ್ತ್ರ ತೆಗೆದರೆ ಕಪ್ಪು ಪೆಟ್ಟಿಗೆಯ ಹಣೆಯ ಮೇಲೂ ಮೂರೆಳೆ ವಿಭೂತಿ. ಆಯುಧಪೂಜೆಯಲ್ಲಿ ತಕ್ಕಡಿಗೆ, ಸೈಕಲ್ಲಿಗೆ ಹಚ್ಚುವಾಗ ಇದಕ್ಕೂ ಹಚ್ಚಿದ್ದರು. ಮಗನನ್ನು ತಿಂದಿತೆಂದು ನಂಬುವ ಪೆಟ್ಟಿಗೆಗೇ ಪೂಜೆ ಮಾಡುವವರ ತರ್ಕ ಎಂಥದ್ದು ಎಂದು ನಾನು ಮನಸ್ಸಿನಲ್ಲೇ ಒಂದು ಅಂಕ ಗಳಿಸಿಕೊಂಡೆ.

ಈಗ ಎತ್ತಿನ ವ್ಯಾಪಾರದ ಒಂದು ಮಾತು ಹೇಳಬೇಕು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಸುಳಿಗಳಿರುತ್ತವೆ. ಕೆಲವು ಒಳ್ಳೆಯವು, ಕೆಲವು ಕೆಟ್ಟವು, ಕೆಲವು ಯಜಮಾನನನ್ನೇ ಬಲಿ ಬೇಡುವಂಥವು ಎಂದು ನಂಬಿಕೆ. ಕೆಟ್ಟ ಸುಳಿಯ ಎತ್ತನ್ನು ಮಾರಬಾರದೆಂದೇನೂ ಇಲ್ಲ. ಆದರೆ ಸುಳಿ ಹೇಳದೆ ಮಾರಬಾರದು. ಕೊಳ್ಳುವವನು ಕೇಳಿಸಿಕೊಂಡು, ತಿಳಿದು ಒಯ್ಯಬೇಕು. ಸುಳಿ ಮುಚ್ಚಿ ಮಾರಿದವನ ಜೊತೆ ಸಂತೆಯಲ್ಲಿ ಮತ್ತೆ ಯಾರೂ ವ್ಯವಹಾರ ಮಾಡುವುದಿಲ್ಲ.

ಗೌರಮ್ಮ ಪೆಟ್ಟಿಗೆಗೂ ನಮಗೂ ನಡುವೆ ಬಂದು ನಿಂತರು.

"ಸುಳಿ ಹೇಳಿ ಕೊಡ್ತೀವ್ರೀ ನಾವು. ಇದು ನನ್ನ ಮಗನ್ನ ತಿಂದೈತಿ. ಊರಾಗ ಕುಡುದು ಸತ್ತ ಅಂತಾರ. ನನ್ನ ಶಿವು ಎಲಿ ಅಡಿಕಿ ಸೈತ ಮುಟ್ಟತಿದ್ದಿಲ್ಲ. ಪೆಟ್ಟಿಗೀನ ತಿಂದೈತಿ ಅಂತ ಬಾಯ್ಬಿಟ್ಟು ಒಪ್ಪಿ ಒಯ್ರಿ. ಅಷ್ಟ ಸಾಕು ನನಗ."

ಅವರು ಕೇಳಿದ್ದು ಒಂದು ಮಾತು. ವೀರೇಶ ನನ್ನ ಅಂಗಿಯ ತುದಿ ಜಗ್ಗಿದ. ಹೂಂ ಎಂದುಬಿಡು ಎಂದು ಅದರ ಅರ್ಥ. ಆದರೆ ಫಲಕ ಹೊತ್ತವನ ಬಾಯಲ್ಲಿ ಹೂಂ ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಯವ್ವಾ, ನಿರ್ಜೀವ ವಸ್ತು ಹೆಂಗ ತಿಂತೈತ್ರೀ?" ಎಂದೆ.

"ಅದು ನನಗ ಗೊತ್ತಿಲ್ಲಪ್ಪ. ಬಾರ್ಸೂದು ಒಮ್ಮೆಲೇ ನಿಂತ್ತು. ಆಗಿನ್ನೂ ಒಳಗ ಫ್ಯಾನು ತಿರುಗತಿತ್ತು, ಪೆಟ್ಟಿಗಿ ಗುಂಯ್ ಅಂತಿತ್ತು. ಕೈ ತೊಳಕೊಂಡು ಬರೂದ್ರಾಗ ಕರೆಂಟ್ ಹೋತು. ಬಂದು ನೋಡ್ತೀನಿ, ಹಿಂಗ."

ಆಮೇಲೆ ಈ ಮಾತನ್ನು ಮೇಲಕ್ಕೂ ಕೆಳಕ್ಕೂ ಹಾಕಿ ನೋಡಿದ್ದೇನೆ. ಇದಕ್ಕಿಂತ ಶುದ್ಧವಾದ ಸಾಕ್ಷ್ಯವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಯಾವುದರ ಹಿಂದೆ ಯಾವುದು ನಡೆಯಿತೆಂದು ಒಂದು ಕೂದಲೂ ತಪ್ಪದೆ ಇಟ್ಟಿದ್ದರು. ನನ್ನ ಕಿವಿ ಹಿಡಿದದ್ದು ಮಾತ್ರ 'ತಿಂದೈತಿ' ಎಂಬ ಒಂದೇ ಮಾತನ್ನು. ತಿನ್ನಲು ಬಾಯಿ ಬೇಕು, ಹಸಿವು ಬೇಕು, ಎತ್ತಿನ ಸುಳಿ ಬರಿಯ ಕೂದಲು, ಒಂದರ ಹಿಂದೆ ಒಂದು ಆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಲ್ಲ ಎಂದು ಮಗ ಸತ್ತ ಜಾಗದಲ್ಲೇ ನಿಂತು ತಾಯಿಗೆ ವಿವರಿಸಿದೆ. ಸೊಗಸಾಗಿ ವಿವರಿಸಿದೆ. ಗೌರಮ್ಮ ಉತ್ತರ ಕೊಡಲಿಲ್ಲ. ಎದುರಾಳಿ ಸುಮ್ಮನಾದರೆ ನಮ್ಮಲ್ಲಿ ಗಂಟೆ ಬಾರಿಸಿ ಗೆಲುವು ಸಾರುವ ಪದ್ಧತಿ.

"ನಾ ಸುಳಿ ಹೇಳೀನಿ. ನೀವು ಕೇಳೀರಿ," ಎಂದಷ್ಟೇ ಹೇಳಿ ಒಳಗೆ ಹೋದರು. ಈ ಮನೆಯಲ್ಲಿ ಇನ್ನು ಅದನ್ನು ಕರೆಂಟಿಗೆ ಹಚ್ಚಬಾರದು ಎಂದು ಒಳಗಿನಿಂದಲೇ ಹೇಳಿದರು. ಹಾಗಾಗಿ ನಾವು ನುಡಿಸಿ ನೋಡದೆಯೇ ಕೊಂಡೆವು.

ಅಮರಪ್ಪನವರು ವಯರು ಸುತ್ತಿ ನನ್ನ ಕೈಗೆ ಕೊಡುತ್ತ, ಪ್ಲಗ್ಗನ್ನು ಹೆಬ್ಬೆರಳಿನಿಂದ ಸವರಿದರು. "ಮೊದಲ ಒಳಗ ಕುಂತು ಬಾರಿಸ್ತಿದ್ದ ತಮ್ಮಾ. ಸರಿಯಾಗಿ ನನ್ನ ಲಿಂಗಪೂಜಿ ಹೊತ್ತಿಗೇ ಶುರು. ಹೊರಗ ಪಡಸಾಲ್ಯಾಗ ಕುಂದ್ರು ಅಂದೆ. ಹೊರಗಿನ ಬೋರ್ಡು ಎರಡು ತೂತಿಂದು, ಇದು ಹತ್ತಲಿಲ್ಲ. ಆ ದಪ್ಪ ಪಿನ್ನು ನಾನ ಕೊಯ್ದು, ಅರಾ ಹಾಕಿ ತಿಕ್ಕಿ ಸಾಪ್ ಮಾಡಿ ಕೊಟ್ಟೆ. ಆಮ್ಯಾಲ ಬರೋಬರಿ ಕುಂತ್ತು."

ನೋಡಿದೆ. ಪಿನ್ನು ಕೊಯ್ದ ಜಾಗ ಕನ್ನಡಿಯಂತಿತ್ತು. ಮಗನ ಕೈಗೆ ಚುಚ್ಚಬಾರದೆಂದು ಅಷ್ಟು ನುಣುಪಾಗಿ ತಿಕ್ಕಿದ್ದರು. ಒಳ್ಳೆಯ ಕೆಲಸ ಎಂದು ಹೊಗಳಿಯೂ ಬಂದೆ.

ಸಿಂಧನೂರಿನ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಮುದುಕಿ, "ಟೀವಿ ಏನಪ್ಪ?" ಎಂದು ಕೇಳಿದಳು. ಅಲ್ಲವೆಂದೆ. "ಮತ್ತ ವಿಭೂತಿ ಹಚ್ಚೀರಿ?" ಎಂದಳು. ಟೀವಿಗೆ ಹಚ್ಚುವುದಾದರೆ ಸರಿ ಎಂಬಂತೆ.

ವೀರೇಶನ ಕೋಣೆಯಲ್ಲಿ ಹಚ್ಚಿದೆವು. ದನಿ ಸಣ್ಣಗಿದ್ದಾಗ ಬೆಲ್ಲದಂತಿತ್ತು. ಇಲಿ ಪಾಷಾಣದವನು ಸತ್ತು ಸ್ವರ್ಗಕ್ಕೆ ಹೋಗಿದ್ದ. "ನೋಡಲೇ, ಎಲ್ಲೈತಿ ನಿನ್ನ ದೆವ್ವ?" ಎಂದು ವೀರೇಶನನ್ನು ಹಂಗಿಸುತ್ತ ದನಿ ಏರಿಸಿದೆ. ಪೆಟ್ಟಿಗೆ ಗದಗದ ನಡುಗಿತು. ಮರುಕ್ಷಣ ತಂತಿಗಳು ನನ್ನ ಎಡಗೈಯನ್ನು ಹಿಡಿದವು. ಹಿಡಿದವು ಎಂದೇ ಬರೆಯಬೇಕು. ಬಿಡಿಸಿಕೊಳ್ಳಲು ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ವೀರೇಶ ಕಾಲಿನಿಂದ ಬೋರ್ಡಿನ ಸ್ವಿಚ್ಚು ಒದ್ದ. ಇಲ್ಲದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಎರಡನೆಯ ಕುಡುಕನ ಕಥೆಯೊಂದು ಇರುತ್ತಿತ್ತು.

ಹಿಂದಿನ ಹಲಗೆ ಬಿಚ್ಚಿದೆವು. ಒಳಗೆ ದೆವ್ವ ಇರಲಿಲ್ಲ. ಕರೆಂಟು ತರುವ ವಯರು ಲೋಹದ ತಗಡಿನ ಅಂಚಿಗೆ ತಾಗಿ ತಾಗಿ, ಅದರ ಹೊದಿಕೆ ಸವೆದು, ತಾಮ್ರ ಇಣುಕುತ್ತಿತ್ತು. ದನಿ ಸಣ್ಣಗಿದ್ದಾಗ ತಾಮ್ರಕ್ಕೂ ತಗಡಿಗೂ ನಡುವೆ ಕೂದಲೆಳೆಯಷ್ಟು ಜಾಗ. ಪೆಟ್ಟಿಗೆ ನಡುಗಿದರೆ ಎರಡೂ ಮುಟ್ಟುತ್ತಿದ್ದವು. ತಗಡಿನಿಂದ ಗಿಟಾರಿನ ತಂತಿಗೆ, ತಂತಿಯಿಂದ ಬೆರಳಿಗೆ, ಬೆರಳಿನಿಂದ ಎದೆಯ ಮೇಲೆ ಹಾದು ಒದ್ದೆ ಕಲ್ಲಿಗೆ ದಾರಿ ಸಲೀಸು. ಆ ದಪ್ಪ ಮೂರನೆಯ ಪಿನ್ನು ಇರುವುದು ಈ ಒಂದು ಗಳಿಗೆಗಾಗಿ. ಹಾಗೆ ಹರಿಯುವ ಕರೆಂಟನ್ನು ಅದು ಎಳೆದು ಭೂಮಿಗೆ ಇಳಿಸುತ್ತದೆ, ಫ್ಯೂಸು ಹಾರುತ್ತದೆ. ಸಾವುಕಾರರ ಮನೆಯೊಳಗಿನ ಮೂರು ತೂತಿನ ಬೋರ್ಡಿಗೆ ಆ ಭೂಮಿಯ ತಂತಿ ಇತ್ತು. ಅಲ್ಲೇ ಕೂತು ನುಡಿಸಿದ್ದರೆ ಫ್ಯೂಸು ಹೋಗುತ್ತಿತ್ತು. ಶಿವು ಹೋಗುತ್ತಿರಲಿಲ್ಲ.

ಇಬ್ಬರೂ ಆ ನುಣುಪಾದ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಗೌರಮ್ಮ ಹೇಳಿದ್ದರಲ್ಲಿ ಕಾರಣ ತಪ್ಪಾಗಿತ್ತು, ಸಂಗತಿ ಸರಿಯಾಗಿತ್ತು. ಬಾರಿಸುವುದು ನಿಂತದ್ದು ಕರೆಂಟು ಇದ್ದಾಗಲೇ, ಅವರು ಬರುವಷ್ಟರಲ್ಲಿ ಅದು ಹೋಗಿದ್ದರಿಂದ ಅವರನ್ನು ಹಿಡಿಯಲಿಲ್ಲ, ಯಾರಿಗೂ ಅನುಮಾನವೂ ಬರಲಿಲ್ಲ. ನಾನು ಕಾರಣವನ್ನು ಒಡೆದು ಸಂಗತಿಯನ್ನೂ ಒಡೆದೆ ಎಂದುಕೊಂಡಿದ್ದೆ. ಬುಟ್ಟಿ ಹರಿದಿದೆ ಎಂದು ತೋರಿಸಿ, ಆದ್ದರಿಂದ ಅದರಲ್ಲಿದ್ದ ಹಾವು ಸುಳ್ಳು ಎಂದ ಹಾಗೆ.

"ಹೋಗಿ ಹೇಳಲೇ," ಎಂದ ವೀರೇಶ. "ಹುಡುಗ ಸುಮ್ಮನ ಕುಡುಕ ಅನ್ನಿಸ್ಕೊಂಡು ಮಣ್ಣಾಗ ಮಲಗ್ಯಾನ."

"ಹೇಳಿದ್ರ ಪಿನ್ನು ಯಾರು ಕೊಯ್ದಾರ ಅಂತ ಬರತೈತಿ."

ವೀರೇಶ ಪ್ಲಗ್ಗನ್ನು ಕೆಳಗಿಟ್ಟ. "ಹಂಗಾದ್ರ ಹೇಳಬ್ಯಾಡ. ಸಾವ್ಕಾರ ಉಳಿಯಾಂಗಿಲ್ಲ," ಎಂದ. ಒಂದೇ ವಿಷಯಕ್ಕೆ ಎರಡೂ ಕಡೆಯಿಂದ ಮಾತಾಡುವುದನ್ನು ಅವನಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ನನಗೆ ಕಲಿಸಿತ್ತು, ಆ ವಿದ್ಯೆ ಈಗ ನನ್ನನ್ನೇ ಎರಡು ಹೋಳು ಮಾಡಿ ಎದುರುಬದುರು ಕೂರಿಸಿತು. ನಿಜ ಹೇಳಿದರೆ ಮಗ ನಿರ್ದೋಷಿ, ಅಪ್ಪ ಕೊಲೆಗಾರ. ಸುಮ್ಮನಿದ್ದರೆ ಅಪ್ಪ ನಿರ್ದೋಷಿ, ಮಗ ಕುಡುಕ. ವೇದಿಕೆಯಲ್ಲಾದರೆ ಚೀಟಿ ಎತ್ತಿ ಪಕ್ಷ ಕೊಡುತ್ತಾರೆ. ಇಲ್ಲಿ ಚೀಟಿ ಹಾಕುವವರು ಇರಲಿಲ್ಲ.

ಮಸ್ಕಿಗೆ ಒಬ್ಬನೇ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿದೆ, ಒಡೆದೆ. ಗೌರಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಅಮರಪ್ಪನವರು ಬಾಗಿಲ ಬಳಿ ಕೂತಿದ್ದರು. ಕಟ್ಟಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಇದು:

"ಯವ್ವಾ, ನೀವು ಹೇಳಿದ್ದು ಖರೇ ಐತ್ರೀ. ಪೆಟ್ಟಿಗ್ಯಾಗ ದೆವ್ವ ಇತ್ತು. ನನ್ನೂ ಹಿಡೀತು."

ಗೌರಮ್ಮನ ಮೊರ ನಿಂತಿತು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಎದ್ದು ಬಂದು ಅಂಗಳದ ಪಕ್ಕದ ಮೋಟುಗೋಡೆಯ ಕಡೆ ಕೈ ತೋರಿಸಿದರು.

"ಅಲ್ಲಿ ನಿಂತು ಹೇಳ್ರಿ. ಜೋರಾಗಿ ಹೇಳ್ರಿ. ಬಾಜೂ ಮನಿಯಾಕಿಗೆ ಕೇಳಲಿ."

ಚರ್ಚಾಸ್ಪರ್ಧೆಯಲ್ಲಿ ಕೊನೆಯ ಸಾಲಿಗೆ ಕೇಳುವಂತೆ ಮಾತಾಡಲು ಕಲಿಸಿದ್ದರು. ಮೋಟುಗೋಡೆಯ ಬಳಿ ನಿಂತು ಅದೇ ದನಿ ತೆಗೆದೆ. ಶಿವು ಕುಡಿದು ಸತ್ತಿಲ್ಲ, ಪೆಟ್ಟಿಗೆಯಲ್ಲಿ ದೆವ್ವ ಇತ್ತು, ನಾನು ಬಿ.ಎಸ್ಸಿ. ಓದುವವನು, ನನಗೇ ಹಿಡಿಯಿತು, ಬೆರಳು ನೋಡಿ ಎಂದು ಕೂಗಿದೆ. ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು ನಿಂತಿತು. ಒಂದು ತಲೆ ಮೇಲೆದ್ದಿತು. ಗೌರಮ್ಮ ಅತ್ತ ತಿರುಗಿ, "ಕೇಳೀದೇನವ್ವಾ?" ಎಂದರು. "ಕೇಳೀನಿ ಗೌರವ್ವಾ," ಎಂದು ಆ ತಲೆ ತಗ್ಗಿತು. ಆ ಮಧ್ಯಾಹ್ನ ಮಸ್ಕಿಗೆ ನಾನೇ ಆಂಪ್ಲಿಫೈಯರು. ದೆವ್ವವಿಲ್ಲವೆಂದು ಸಾಧಿಸಿ ನಾನು ಗಳಿಸಿದ ಫಲಕ ಮನೆಯ ಗೂಡಿನಲ್ಲಿದೆ. ಇದೆಯೆಂದು ಕೂಗಿದ್ದಕ್ಕೆ ಗೌರಮ್ಮ ಒಂದು ತಂಬಿಗೆ ಮಜ್ಜಿಗೆ ಕೊಟ್ಟರು.

ಅಮರಪ್ಪನವರು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದರು. ಲಿಂಗಸುಗೂರಿನ ಕಡೆಯಿಂದ ಬಸ್ಸಿನ ಧೂಳು ಕಂಡಾಗ ಕೇಳಿದರು.

"ದೆವ್ವ ಎಲ್ಲಿತ್ತು ತಮ್ಮಾ?"

"ಒಳಗ ಒಂದು ವಯರು ಸವದಿತ್ರೀ."

"ಆ ದಪ್ಪ ಪಿನ್ನು ಇದ್ದಿದ್ರ?"

ಎದುರಾಳಿಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪ್ರಶ್ನೆಯನ್ನೇ ಪ್ರಶ್ನಿಸಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ನಾನು ರಸ್ತೆ ನೋಡುತ್ತ ನಿಂತೆ. ಅವರಿಗೆ ಅದೇ ಉತ್ತರವಾಯಿತು. ಅವರ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಸವರುತ್ತಿತ್ತು, ಪ್ಲಗ್ಗನ್ನು ಸವರಿದ ಹಾಗೆ.

"ನಮ್ಮನ್ಯಾಗೂ ಎಲ್ಲಾ ಪ್ಲಗ್ಗಿಗೂ ಕೊಯ್ದಾರ್ರೀ ಸಾವ್ಕಾರ್ರ," ಎಂದೆ ಕೊನೆಗೆ.

"ಯಾರು ಕೊಯ್ದಾರ?"

"ನಮ್ಮಪ್ಪ."

ಅವರು ತಲೆಯಾಡಿಸಿದರು. ಬಸ್ಸು ನಿಂತಿತು. ನಾನು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, "ಇವತ್ತ ಹೋಗಿ ಹಾಕಿಸು ತಮ್ಮಾ. ನಾಳೆ ಅನಬ್ಯಾಡ," ಎಂದರು.

ಹಾಕಿಸಿದೆ. ನಮ್ಮಪ್ಪ ನಕ್ಕರು, ಮೂವತ್ತು ವರ್ಷದಿಂದ ಹಿಂಗ ಐತಿ, ಯಾರು ಸತ್ತಾರ ಎಂದು ಕೇಳಿದರು. ನಮ್ಮ ಮನೆಯಲ್ಲಿ ವಾದ ಎಲ್ಲಿಂದ ಬಂತೆಂದು ಇದರಿಂದ ತಿಳಿಯುತ್ತದೆ. ಆಂಪ್ಲಿಫೈಯರಿನ ವಯರು ಬದಲಿಸಿದೆ, ಹೊಸ ಪ್ಲಗ್ಗು ಹಾಕಿದೆ. ಈಗ ಕ್ಯಾಂಪಿನ ಮದುವೆಗಳಿಗೆ ಹೋಗುವಾಗ ಗಿಟಾರಿನ ಜೊತೆ ಒಂದು ಕಬ್ಬಿಣದ ಸಲಾಕೆ, ಒಂದು ಬಕೀಟೂ ನನ್ನ ಸಾಮಾನಿನಲ್ಲಿರುತ್ತವೆ. ಬೋರ್ಡಿನಲ್ಲಿ ಭೂಮಿಯ ತಂತಿ ಇಲ್ಲದಿದ್ದರೆ ಹಂದರದ ಹಿಂದೆ ಸಲಾಕೆ ಹೊಡೆದು, ನೀರು ಸುರಿದು, ತಂತಿ ಕಟ್ಟಿಯೇ ಹಚ್ಚುವುದು. ಬೀಗರು ಇದೂ ಒಂದು ಶಾಸ್ತ್ರವಿರಬೇಕೆಂದು ಕೈಮುಗಿಯುತ್ತಾರೆ. ವೀರೇಶ, "ನಮ್ಮ ನಾಸ್ತಿಕನ ಭೂಮಿಪೂಜಿ ಮುಗೀತನ?" ಎಂದು ಮೈಕಿನಲ್ಲೇ ಕೇಳುತ್ತಾನೆ.

ಪರೀಕ್ಷೆಗೆಂದು ಲಿಂಗಸುಗೂರಿಗೆ ಹೊರಟಾಗ ಒಮ್ಮೆ ಮಸ್ಕಿಯಲ್ಲಿ ಇಳಿದೆ. ಸಾವುಕಾರರು ಒಳಗೆ ಪೂಜೆಯಲ್ಲಿದ್ದರು. ಪಡಸಾಲೆಯ ಗೋಡೆಯಲ್ಲಿ ಹೊಸ ಬೋರ್ಡು ಕೂತಿತ್ತು. ಮೂರು ತೂತಿನದು. ಅದಕ್ಕೆ ಸಿಕ್ಕಿಸುವಂಥದ್ದು ಆ ಪಡಸಾಲೆಯಲ್ಲಿ ಏನೂ ಇರಲಿಲ್ಲ. ಬೋರ್ಡಿನಿಂದ ಒಂದು ದಪ್ಪ ತಂತಿ ಗೋಡೆಗುಂಟ ಇಳಿದು, ಅಂಗಳದಲ್ಲಿ ಇಟ್ಟಿಗೆ ಕಟ್ಟಿದ ಸಣ್ಣ ಗುಂಡಿಯೊಳಗೆ ಹೋಗಿತ್ತು. ಮಸ್ಕಿಯ ನೆಲ ಸ್ವಲ್ಪ ಅಗೆದರೆ ಕಲ್ಲು. ಅದನ್ನು ಒಡೆಸಿ, ಉಪ್ಪು ಇದ್ದಿಲು ತುಂಬಿಸಿದ್ದರು. ಗೌರಮ್ಮ ಆ ಗುಂಡಿಗೆ ತಂಬಿಗೆಯಿಂದ ನೀರು ಹಾಕುತ್ತಿದ್ದರು, ತುಳಸಿಗೆ ಹಾಕಿದಷ್ಟೇ ನಿಧಾನವಾಗಿ.

"ಇವ್ರು ಮಾಡಿಸ್ಯಾರ್ರೀ. ಬಂದ ದೆವ್ವ ಇಲ್ಲಿಂದ ಭೂಮಿಗೆ ಇಳದು ಹೋಗತೈತಂತ. ಗುಂಡಿ ಒಣಗಿದ್ರ ಇಳಿಯಾಂಗಿಲ್ಲಂತ. ಅದಕ್ಕ ನಾ ದಿನಾ ನೀರು ಹಾಕ್ತೀನಿ." ತಂಬಿಗೆ ಹಿಡಿದೇ ನನ್ನ ಮುಖ ನೋಡಿದರು. "ನೀವು ಓದಿದವ್ರು. ಖರೇ ಏನ್ರೀ ಇದು?"

ಅಭ್ಯಾಸಬಲ. ಆ ವಾಕ್ಯವನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಇಳಿದು ಹೋಗುತ್ತದೆ, ಸರಿ. ಭೂಮಿಗೇ ಹೋಗುತ್ತದೆ, ಸರಿ. ಒಣಗಿದರೆ ಹೋಗುವುದಿಲ್ಲ, ಅದೂ ಸರಿ. ಒಂದು ಹೆಸರನ್ನು ಬಿಟ್ಟರೆ ಒಡೆಯಲು ಎಲ್ಲೂ ಬಿರುಕು ಸಿಗಲಿಲ್ಲ.

"ಖರೇ ಐತ್ರೀ ಯವ್ವಾ," ಎಂದೆ.

ಅವರು ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ಉಳಿದ ನೀರನ್ನು ನಾನು ಹಾಕಿದೆ.